ಗುರುಸಿದ್ದಪ್ಪನವರಿಗೆ ಸಿಕ್ಕ ಮೊದಲ ರೋಗಿ

ನಾಸಿಕದ ಹತ್ತಿರದ ಓಝರ್ ವಿಮಾನ ಕಾರ್ಖಾನೆಯ ಸ್ಟೋರ್ಸ್ ಗುಮಾಸ್ತ ಗುರುಸಿದ್ದಪ್ಪನವರ ಹೊಟ್ಟೆಗೆ ಬೆಂಕಿ ಬಿದ್ದದ್ದು ಅವರ ಹೆಂಡತಿ ಕಾಶಿಬಾಯಿಯ ಬೆರಳು ಸುಟ್ಟ ದಿನವೇ. ಬೆರಳು ನಾಲ್ಕು ದಿನದಲ್ಲಿ ವಾಸಿಯಾಯಿತು. ಹೊಟ್ಟೆಯದು ವಾಸಿಯಾಗುವ ಲಕ್ಷಣವೇ ಕಾಣಲಿಲ್ಲ.

ಆದದ್ದಿಷ್ಟು. ರೊಟ್ಟಿ ಬಡಿಯುತ್ತಿದ್ದ ಕಾಶಿಬಾಯಿ ಮಾತಿನ ಭರದಲ್ಲಿ ಕಾದ ಹಂಚನ್ನು ಬರಿಗೈಯಲ್ಲಿ ಹಿಡಿದುಬಿಟ್ಟಳು. ಗುರುಸಿದ್ದಪ್ಪನವರು ಎದುರಿಗೇ ಕೂತಿದ್ದರು. "ತಡಿ ತಡಿ, ಶಾಯಿ ಹಚ್ಚತೀನಿ" ಎಂದು ಶಾಯಿ ಬಾಟಲಿ ಹುಡುಕಲು ಎದ್ದರು. ಬಾಟಲಿ ಸಿಗುವಷ್ಟರಲ್ಲಿ ಹೆಂಡತಿ ಅಡುಗೆಮನೆಯಲ್ಲಿರಲಿಲ್ಲ, ಪಕ್ಕದ ಮನೆಯಲ್ಲಿದ್ದಳು. ಪಕ್ಕದ ಮನೆಯ ಸದಾನಂದ ಅವಳ ಬೆರಳನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿಸಿ, ಒರೆಸಿ, ಬೆಳ್ಳಗಿನ ಪಟ್ಟಿ ಕಟ್ಟಿ ಕಳಿಸಿದ್ದ. ಅವಳು ಬಂದು ಬೆರಳನ್ನು ಗಂಡನ ಮೂಗಿನ ಹತ್ತಿರ ಹಿಡಿದು, "ನೋಡ್ರಿ, ಎಷ್ಟ ಚೆಂದ ಕಟ್ಟ್ಯಾರ! ಕೈ ಅಂದ್ರ ಅದು ಕೈ ನೋಡ್ರಿ" ಅಂದಳು.

ಮದುವೆಯಾಗಿ ಹದಿನಾರು ವರ್ಷ. ಈ ಹದಿನಾರು ವರ್ಷದಲ್ಲಿ ಗುರುಸಿದ್ದಪ್ಪನವರ ಕೈಯ ಬಗ್ಗೆ ಅವಳು ಒಂದು ಒಳ್ಳೆಯ ಮಾತು ಆಡಿದವಳಲ್ಲ. ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ, ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅವುಗಳಲ್ಲಿ ದೋಷವೇನೂ ಕಾಣಲಿಲ್ಲ. ಬಲಗೈಗೆ ಮಾತ್ರ ಶಾಯಿ ಆಗಿತ್ತು.

ಈ ಸದಾನಂದ ಧಾರವಾಡದ ಕಡೆಯವನು, ಅದೇ ಕಾರ್ಖಾನೆಯಲ್ಲಿ ಫಿಟ್ಟರ್. ಭಾನುವಾರ ಬಂತೆಂದರೆ ಕಾಲನಿಯ ಹುಡುಗರನ್ನು ಕಟ್ಟಿಕೊಂಡು ನಾಸಿಕದ ಸುತ್ತಲಿನ ಗುಡ್ಡಗಳನ್ನೆಲ್ಲ ಹತ್ತಿ ಇಳಿಯುವ ಹುಚ್ಚು ಅವನಿಗೆ. ಗುಡ್ಡದಲ್ಲಿ ಯಾರಾದರೂ ಬಿದ್ದರೆ ಡಾಕ್ಟರು ಎಲ್ಲಿಂದ ಬರಬೇಕು? ಅದಕ್ಕೇ ಹೋದ ವರ್ಷ ದೇವಳಾಲಿ ಕ್ಯಾಂಪಿಗೆ ಹತ್ತು ಭಾನುವಾರ ಹೋಗಿ, ನಿವೃತ್ತ ಹವಾಲ್ದಾರ ಬೋರಸ್ತೆಯವರ ಹತ್ತಿರ ಪ್ರಥಮ ಚಿಕಿತ್ಸೆ ಕಲಿತು ಬಂದಿದ್ದ. ಕೈಯಲ್ಲಿರುವ ಟವೆಲ್ಲು, ಕೋಲು, ಹಗ್ಗದಲ್ಲೇ ಜೀವ ಉಳಿಸುವ ವಿದ್ಯೆ ಅದು. ಅಂದಿನಿಂದ ಮುಳ್ಳು ಚುಚ್ಚಿದವರು, ಕಣಜ ಕಚ್ಚಿದವರು, ಸೈಕಲ್ಲಿನಿಂದ ಬಿದ್ದವರು, ಎಲ್ಲರ ಸವಾರಿಯೂ ಅವನ ಜಗುಲಿಗೆ. ಗುರುಸಿದ್ದಪ್ಪನವರು ತಮ್ಮ ಜಗುಲಿಯ ಮೇಲೆ ಪೇಪರು ಬಿಡಿಸಿಕೊಂಡು ಕೂತು, ಪೇಪರಿನ ಅಂಚಿನಿಂದ ಆ ಜನವನ್ನು ಎಣಿಸುತ್ತಿದ್ದರು.

"ಇವತ್ತ ಏಳು ಮಂದಿ" ಎಂದು ಒಳಗೆ ಕೂಗಿ ಹೇಳುತ್ತಿದ್ದರು. "ಅದರಾಗ ಮೂರು ಮಂದಿಗೆ ಏನೂ ಆಗಿಲ್ಲ. ಸುಮ್ನ ಪಟ್ಟಿ ಕಟ್ಟಿಸಿಕೊಳ್ಳಾಕ ಬಂದಾರ."

"ನಿಮಗ್ಯಾಕ ಹೊಟ್ಟಿ ಉರಿ?" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

"ನನಗ್ಯಾಕ ಉರೀತೈತಿ?" ಅನ್ನುತ್ತಿದ್ದರು. ಉರಿಯುತ್ತಿತ್ತು.

ಹೀಗಿರುವಾಗ ಕಾಲನಿಯಲ್ಲಿ ಒಂದು ಸುದ್ದಿ ಹಬ್ಬಿತು. ಗುಡ್ಡ ಹತ್ತುವ ಮಂಡಳಿಗೆ ಬೋರಸ್ತೆಯವರು ಹೊಸ ಔಷಧಿ ಪೆಟ್ಟಿಗೆಯೊಂದನ್ನು ಕೊಡುತ್ತಾರಂತೆ. ಬಿಳಿ ತಗಡಿನದು, ಮೇಲೆ ಕೆಂಪು ಗುರುತು. ಈ ಸಲದ ತರಗತಿಗೆ ಸೇರಿದವರು, ಹಿಂದೆ ಕಲಿತವರು ಎಲ್ಲರಿಗೂ ಸೇರಿಸಿ ಗುಡ್ಡದಲ್ಲಿ ಪರೀಕ್ಷೆ. ಗೆದ್ದವನ ಜಗುಲಿಯ ಗೋಡೆಗೆ ಆ ಪೆಟ್ಟಿಗೆ. ಗುರುಸಿದ್ದಪ್ಪನವರ ಕಣ್ಣಿಗೆ ಕಂಡದ್ದು ಪೆಟ್ಟಿಗೆಯಲ್ಲ, ತಮ್ಮ ಜಗುಲಿಯ ಮೇಲೆ ಸಾಲುಗಟ್ಟಿ ಕೂತ ಜನ. ಆ ಜನರ ಹಿಂದೆ, ಬಾಗಿಲಲ್ಲಿ ನಿಂತು, "ಕೈ ಅಂದ್ರ ನಮ್ಮನಿಯವರ ಕೈ" ಅನ್ನುತ್ತಿರುವ ಕಾಶಿಬಾಯಿ. ಮರುದಿನವೇ ಹೋಗಿ ಹೆಸರು ಬರೆಸಿದರು.

ಕಲಿಯುವುದರಲ್ಲಿ ಅವರೇನೂ ಕಡಿಮೆ ಮಾಡಲಿಲ್ಲ. ಕುರ್ಚಿಯ ಕಾಲು, ನೀರಿನ ಕೊಡದ ಕುತ್ತಿಗೆ, ಗೋಡೆಯ ಮೇಲಿನ ಮಾವನವರ ಫೋಟೊ, ಮನೆಯಲ್ಲಿ ಪಟ್ಟಿ ಬೀಳದ ವಸ್ತು ಉಳಿಯಲಿಲ್ಲ. ಒಂದು ಸಂಜೆ ಕಾಶಿಬಾಯಿಯ ಎರಡೂ ಕೈಗಳನ್ನು ಕಟ್ಟಿ ಕುತ್ತಿಗೆಗೆ ಜೋಲಿ ಹಾಕಿದರು. ಒಲೆಯ ಮೇಲಿನ ಹಾಲು ಉಕ್ಕಿತು. ಗಂಟು ಬಿಚ್ಚುವುದು ಹೇಗೆಂಬುದು ಮುಂದಿನ ಭಾನುವಾರದ ಪಾಠವಾಗಿತ್ತು. ಆ ರಾತ್ರಿ ಅವರಿಗೆ ರೊಟ್ಟಿಯ ಬದಲು ಒಣ ಅವಲಕ್ಕಿ ಸಿಕ್ಕಿತು.

ಹವಾಲ್ದಾರರು ಹೇಳಿದ ನೂರು ಮಾತಿನಲ್ಲಿ ಅವರು ಮೂರನ್ನು ಕಂಠಪಾಠ ಮಾಡಿದ್ದರು. ಒಂದು: "ಪೇಶಂಟ್ ಬೋಲೇಗಾ, ಮುಝೆ ಕುಛ್ ನಹೀ ಹುವಾ. ವಿಶ್ವಾಸ್ ಮತ್ ಕರೋ." ರೋಗಿಯ ಮಾತನ್ನು ನಂಬಕೂಡದು. ಎರಡು: ಉಸಿರು ಹತ್ತಿದವನನ್ನು ಮಲಗಿಸಬಾರದು, ಕೂಡಿಸಿಯೇ ಒಯ್ಯಬೇಕು, ತಲೆ ವಾಲದಂತೆ ಕಟ್ಟಬೇಕು. ಮೂರು: ಕಾಡುಮೇಡಿನಲ್ಲಿ ಸಹಾಯ ಬೇಕಾದರೆ ನಿಮಿಷಕ್ಕೆ ಆರು ಸಲ ಸದ್ದು ಮಾಡಬೇಕು, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಸೀಟಿ ಇದ್ದರೆ ಸೀಟಿ, ಇಲ್ಲವಾದರೆ ತಟ್ಟೆ.

ವಿದ್ಯೆ ಬಂತು, ರೋಗಿ ಬರಲಿಲ್ಲ. ಜೇಬಿನಲ್ಲಿ ಪಟ್ಟಿಯ ಸುರುಳಿ ಇಟ್ಟುಕೊಂಡು ಚಿಣ್ಣಿದಾಂಡು ಆಡುವ ಮಕ್ಕಳ ಹತ್ತಿರ ಆಸೆಯಿಂದ ನಿಂತರು. ಯಾವ ಮಗುವಿನ ಹಣೆಯೂ ಒಡೆಯಲಿಲ್ಲ. ಒಮ್ಮೆ ಒಬ್ಬ ಸೈಕಲ್ಲಿನಿಂದ ಬಿದ್ದ. ಇವರು "ಏಳಬ್ಯಾಡ, ಏಳಬ್ಯಾಡ, ಬಂದೆ!" ಎಂದು ಓಡಿದರು. ಬಿದ್ದವನು ಇವರನ್ನು ನೋಡಿ, ಸೈಕಲ್ಲನ್ನು ಅಲ್ಲೇ ಬಿಟ್ಟು, ಕುಂಟುತ್ತ ಸದಾನಂದನ ಮನೆಯ ಕಡೆ ಓಡಿದ. ಕುಂಟುವವನು ಅಷ್ಟು ಜೋರಾಗಿ ಓಡಿದ್ದನ್ನು ಕಾಲನಿ ಅದುವರೆಗೆ ನೋಡಿರಲಿಲ್ಲ.

ಪರೀಕ್ಷೆಯ ಭಾನುವಾರ ಕಾರ್ಖಾನೆಯ ಹಳೆಯ ಟ್ರಕ್ಕಿನಲ್ಲಿ ಎಲ್ಲರೂ ರಾಮಶೇಜ್ ಗುಡ್ಡಕ್ಕೆ ಹೊರಟರು. ಬೋರಸ್ತೆಯವರಿಗೆ ಮೊಣಕಾಲು ನೋವು. ಅವರು ಗುಡ್ಡದ ಬುಡದಲ್ಲಿ ಕೂತುಕೊಳ್ಳಲೆಂದು ಸದಾನಂದ ಎದುರುಮನೆಯ ಗಿರಿಜಮ್ಮನವರ ಕೈಯಿರುವ ದೊಡ್ಡ ಮರದ ಕುರ್ಚಿಯನ್ನು ಕೇಳಿ ತಂದಿದ್ದ. ಮಂಡಳಿಯಲ್ಲಿ ಕನ್ನಡದವರು ಸದಾನಂದ, ಗುರುಸಿದ್ದಪ್ಪ ಇಬ್ಬರೇ. ಉಳಿದ ಆರು ಜನ ಮಷಿನ್ ಶಾಪಿನ ಮರಾಠಿ ಹುಡುಗರು.

ಮೇಲಿನ ಗುಡಿಯ ಪೂಜಾರಿ ಸದಾನಂದನನ್ನು ಕಂಡವನೇ "ಯಾ ಯಾ" ಎಂದು ಕರೆದು ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದ. ಹಿಂದೊಮ್ಮೆ ಅವನ ಮಗನ ಕೈ ಮುರಿದಾಗ ಸದಾನಂದ ಕಟ್ಟಿಗೆ ಕಟ್ಟಿ ಇಳಿಸಿದ್ದನಂತೆ. ಗುರುಸಿದ್ದಪ್ಪನವರ ಕೈಗೆ ಒಂದು ಬಿಡಿ ಹೂವು ಬಂತು. ಅದರಲ್ಲೂ ಎರಡು ಎಸಳು ಉದುರಿದ್ದವು. ಇಲ್ಲಿಯೂ ಇವನೇ, ಎಂದು ಅವರು ಹಲ್ಲು ಕಚ್ಚಿಕೊಂಡು ಗುಡ್ಡ ಇಳಿದರು.

ಇಳಿಯುವಾಗ, ಬುಡಕ್ಕೆ ಇನ್ನು ಇಪ್ಪತ್ತು ಮೆಟ್ಟಿಲಿರುವಾಗ, ಸದಾನಂದ ಸಡಿಲ ಕಲ್ಲಿನ ಮೇಲೆ ಕಾಲಿಟ್ಟು ಜಾರಿದ. ಎಡಗಾಲು ಉಳುಕಿತು, ಗದ್ದ ತರಚಿತು. "ಅಯ್ಯೋ!" ಎಂದರು ಗುರುಸಿದ್ದಪ್ಪನವರು. ಆ ಅಯ್ಯೋದಲ್ಲಿ ದೀಪಾವಳಿಯ ಸಡಗರವಿತ್ತು.

"ಏನಿಲ್ರಿ ಗುರುಸಿದ್ದಪ್ಪಾರ, ಕಾಲ ಉಳುಕೇತಿ ಅಷ್ಟs" ಎಂದ ಸದಾನಂದ.

"ಅದನ್ನ ನೀವು ಹೇಳಬ್ಯಾಡ್ರಿ, ನಾ ಹೇಳತೀನಿ. ನೀವು ಪೇಶಂಟ್ ಇದ್ದೀರಿ."

"ಅಲ್ರೀ, ನನಗ ಗೊತ್ತಾಗ್ತೈತಲ್ಲ—"

"ಏನೂ ಆಗಿಲ್ಲ ಅಂತ ಅಂದ್ರಿಲ್ಲ? ಅಂದ್ರ ಭಾಳ ಆಗೇತಿ!"

ಬೋರಸ್ತೆಯವರು ಕುರ್ಚಿಯಿಂದೆದ್ದು ಗಡಿಯಾರ ನೋಡಿದರು. "ಅಸಲಿ ಪೇಶಂಟ್ ಮಿಲ್ ಗಯಾ. ಪರೀಕ್ಷಾ ಶುರೂ. ಅಬ್ ಮೈ ಕುಛ್ ನಹೀ ಬೋಲೂಂಗಾ" ಎಂದರು. ನಿಜವಾದ ರೋಗಿ ಸಿಕ್ಕ, ಇನ್ನು ತಾವು ಮಾತಾಡುವುದಿಲ್ಲವಂತೆ. ನೋಟುಪುಸ್ತಕ ತೆರೆದು, ನಿಜವಾಗಿಯೂ ಬಾಯಿ ಮುಚ್ಚಿಕೊಂಡರು. ಮಾತು ಉಳಿಸಿಕೊಳ್ಳುವ ಜನರಿಂದ ಲೋಕಕ್ಕೆ ಎಷ್ಟು ಹಾನಿಯಾಗುತ್ತದೆಂಬುದಕ್ಕೆ ಅಂದಿನ ದಿನವೇ ಸಾಕ್ಷಿ.

ಗುರುಸಿದ್ದಪ್ಪನವರು ಕಾಲಿಗೆ ಕಟ್ಟಿದರು. ಕಲ್ಲಿನ ಮೇಲೆ ಬಿದ್ದವನ ಹೆಗಲೆಲುಬು ಮುರಿದಿರಲೂಬಹುದೆಂದು ಎರಡೂ ಕೈ ಮಡಿಸಿ ಎದೆಗೆ ಕಟ್ಟಿದರು. ತಲೆಗೆ ಕಟ್ಟಿದರು. ಗದ್ದದಲ್ಲಿ ರಕ್ತ ಕಂಡದ್ದರಿಂದ ದವಡೆ ಮುರಿದಿರಬೇಕೆಂದು ಗದ್ದದಿಂದ ನೆತ್ತಿಗೆ ಬಿಗಿದು ಕಟ್ಟಿದರು. ಅಲ್ಲಿಗೆ ಸದಾನಂದನ ವಾದವೂ ನಿಂತಿತು. ಸಿಟ್ಟಿನಿಂದ ಅವನು ಮೂಗಿನಲ್ಲಿ ಜೋರಾಗಿ ಉಸಿರು ಬಿಡುತ್ತಿದ್ದುದನ್ನು ಕಂಡು, "ನೋಡ್ರಿ, ಉಸಿರು ಹತ್ತೇತಿ! ಕುಂಡ್ರಿಸೇ ಒಯ್ಯಬೇಕು" ಎಂದು ಗಿರಿಜಮ್ಮನವರ ಕುರ್ಚಿಯಲ್ಲಿ ಕೂಡಿಸಿ, ಚೀಲದಲ್ಲಿದ್ದ ತಮ್ಮ ಬಿಳಿ ಧೋತರದಿಂದ ಬೆನ್ನನ್ನು ಕುರ್ಚಿಗೆ ನೆಟ್ಟಗೆ ಬಿಗಿದರು. ಕುರ್ಚಿಯ ಎರಡು ಪಕ್ಕ, ಪರೀಕ್ಷೆಗೆಂದು ತಂದಿದ್ದ ಬಿದಿರಿನ ಗಳ ಕಟ್ಟಿದರು. ಒಟ್ಟು ಹನ್ನೊಂದು ಪಟ್ಟಿ. ಬೋರಸ್ತೆಯವರ ಪೆನ್ಸಿಲು ಓಡುತ್ತಲೇ ಇತ್ತು. ಗುರುಸಿದ್ದಪ್ಪನವರು ಅದನ್ನು ಮೆಚ್ಚುಗೆ ಎಂದುಕೊಂಡರು.

ಕುರ್ಚಿಯ ಸಮೇತ ರೋಗಿಯನ್ನು ಟ್ರಕ್ಕಿಗೆ ಏರಿಸಿ ಹೊರಟರೆ, ಕಾಲನಿ ಇನ್ನು ಒಂದು ಮೈಲಿ ಇರುವಾಗ ಟ್ರಕ್ಕು ಪಂಕ್ಚರ್. "ಪಾವ್ ಘಂಟಾ ರುಕೋ" ಎಂದು ಕಾಲು ಗಂಟೆ ಕೇಳಿದ ಡ್ರೈವರ್. ಗುರುಸಿದ್ದಪ್ಪನವರು ಯೋಚಿಸಿದರು. ಭಾನುವಾರ ಸಂಜೆ ಐದು ಗಂಟೆ. ಇಡೀ ಕಾಲನಿ ಜಗುಲಿಯ ಮೇಲೆ ಚಹ ಕುಡಿಯುತ್ತ ಕೂತಿರುವ ಹೊತ್ತು. ಟ್ರಕ್ಕಿನೊಳಗೆ ಹೋದರೆ ಯಾರು ನೋಡುತ್ತಾರೆ?

"ಪೇಶಂಟ್ ಕಾಯೂ ಹಂಗಿಲ್ಲ. ಉಚಲಾ!" ಎಂದು ಅಪ್ಪಣೆ ಕೊಟ್ಟರು. ನಾಲ್ವರು ಹುಡುಗರು ಗಳಗಳನ್ನು ಹೆಗಲಿಗೇರಿಸಿದರು. ಬೋರಸ್ತೆಯವರು ನೋವಿನ ಮೊಣಕಾಲು ಹಿಡಿದುಕೊಂಡು ಟ್ರಕ್ಕಿನಲ್ಲೇ ಉಳಿದರು. ಸೀಟಿ ಗುಡ್ಡದಲ್ಲೇ ಕಳೆದಿತ್ತು. ಗುರುಸಿದ್ದಪ್ಪನವರು ಊಟದ ತಟ್ಟೆ, ಸೌಟು ಹಿಡಿದು ಮುಂದೆ ನಿಂತರು. ನಿಮಿಷಕ್ಕೆ ಆರು ಸಲ ಢಣ್, ಢಣ್. ಒಂದು ನಿಮಿಷ ಬಿಟ್ಟು ಮತ್ತೆ ಢಣ್, ಢಣ್. ಎದುರಿಗೆ ಇಳಿಬಿಸಿಲು ಹೊಡೆಯುತ್ತಿದ್ದುದರಿಂದ ಸದಾನಂದ ಕಣ್ಣು ಮುಚ್ಚಿಕೊಂಡ. ಗೇಟಿನ ಪಹರೆಯವನು ತನ್ನ ರಿಜಿಸ್ಟರಿನಲ್ಲಿ "ಕುರ್ಚಿ ಒಂದು, ಪೇಶಂಟ್ ಒಂದು" ಎಂದು ಬರೆದು ಒಳಗೆ ಬಿಟ್ಟ.

ಇಲ್ಲಿ ಒಂದು ಮಾತು ಹೇಳಬೇಕು. ಆ ಪಹರೆಯವನ ಊರಿನಲ್ಲಾಗಲಿ ಹೊತ್ತ ಹುಡುಗರ ಮನೆಗಳಲ್ಲಾಗಲಿ ಸತ್ತವರನ್ನು ಮಲಗಿಸಿ ಒಯ್ಯುತ್ತಾರೆ. ಆದರೆ ಬೀದರ, ಕಲಬುರ್ಗಿ, ಧಾರವಾಡದ ಲಿಂಗವಂತರಲ್ಲಿ ಹಾಗಲ್ಲ. ಅವರು ಸತ್ತವರನ್ನು ಕೂಡಿಸಿ, ಬೆನ್ನು ನೆಟ್ಟಗೆ ಬಿಗಿದು, ತಲೆಗೆ ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ, ಕೊರಳಿಗೆ ಮಾಲೆ ಹಾಕಿ, ಮುಂದೆ ಜಾಗಟೆ ಬಡಿಯುತ್ತ ಹೆಗಲ ಮೇಲೆ ಒಯ್ಯುತ್ತಾರೆ. ಸದಾನಂದ ದಿನಾ ವಿಭೂತಿ ಹಚ್ಚುವವನು. ಮಾಲೆ ಪೂಜಾರಿ ಹಾಕಿದ್ದ. ಉಳಿದದ್ದನ್ನೆಲ್ಲ ಗುರುಸಿದ್ದಪ್ಪನವರು ಪರೀಕ್ಷೆಯ ಸಲುವಾಗಿ ಒದಗಿಸಿದ್ದರು. ತಮ್ಮ ಅಜ್ಜನನ್ನೇ ಹೀಗೆ ಒಯ್ದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಆದರೆ ಅಂದು ಅವರ ತಲೆಯ ತುಂಬ ಬಿಳಿ ಪೆಟ್ಟಿಗೆಯೇ ಇತ್ತು, ಅಜ್ಜನಿಗೆ ಜಾಗವಿರಲಿಲ್ಲ.

ಅವರ ಸಾಲಿನಲ್ಲಿ ಆರು ಕನ್ನಡದ ಮನೆಗಳು. ಮೊದಲು ಕಂಡವರು ಗಿರಿಜಮ್ಮ. ಅವರ ಕೈಯ ಚಹದ ಬಟ್ಟಲು ಕೆಳಗೆ ಬಿತ್ತು.

"ಅಯ್ಯ ಶಿವನs! ಸದಾನಂದ ಹೋದನಲ್ಲೋ! ಮುಂಜಾನೆ ನಗಕೋತ ಕುರ್ಚಿ ಒಯ್ದಿದ್ಯಲ್ಲೋ ತಮ್ಮಾ, ಅದರಾಗ ಕುಂತು ಬರಾಕ ಒಯ್ದಿದ್ಯೇನೋ!"

ಆರು ಮನೆಯ ಬಾಗಿಲೂ ಒಟ್ಟಿಗೇ ತೆರೆದವು. ಹೆಂಗಸರು ಬಾಯಿಬಾಯಿ ಬಡಿದುಕೊಂಡು ಓಡಿ ಬಂದರು. ಪಕ್ಕದ ಮರಾಠಿ ಹೆಂಗಸೊಬ್ಬಳು ಇಣುಕಿ ನೋಡಿ, "ಪಾಯ್ ಮುರಗಳಲಾ ವಾಟತೇ" ಅಂದಳು. ಕಾಲು ಉಳುಕಿರಬೇಕು ಎಂಬ ಈ ಸರಿಯಾದ ಮಾತನ್ನು ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ.

ಜನ ಸೇರಿದ್ದನ್ನು ಕಂಡು ಗುರುಸಿದ್ದಪ್ಪನವರು ಮೊದಲು ಹಿಗ್ಗಿದರು. ತಮ್ಮ ಕಟ್ಟುವಿಕೆಗೆ ಇಷ್ಟು ಜನ! ಇನ್ನೊಮ್ಮೆ ತಟ್ಟೆ ಬಡಿದರು. ಆಗ ಅವರ ಮಾವ ಗುರುಲಿಂಗಪ್ಪನವರು ಮನೆಯೊಳಗಿನಿಂದ ಕೊಡೆ ಹಿಡಿದು ಹೊರಬಂದರು. ಔರಂಗಾಬಾದಿನ ಗುಲ್‌ಮಂಡಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಮಧ್ಯಾಹ್ನದ ಬಸ್ಸಿಗೆ ಮಗಳನ್ನು ನೋಡಲು ಬಂದಿದ್ದರು. ಎಲ್ಲಿ ಸಾವಾದರೂ ಮುಂದೆ ನಿಂತು ನಡೆಸಿಕೊಡುವ ಹಿರಿಯರು.

"ಇಳಸ್ರಿ, ಜಗುಲಿ ಮ್ಯಾಲ ಇಳಸ್ರಿ. ಉತ್ತರಕ್ಕ ಮಾರಿ ಮಾಡ್ರಿ. ಇಲ್ಲೆ ನಮ್ಮವರ ಜಾಗಾ ಎಲ್ಲೈತಿ? ಕುಣಿ ತೋಡಾಕ ಆಳು ಕಳಿಸೀರೇನು? ಅಯ್ಯಗಳಿಗೆ ಹೇಳಿ ಕಳಿಸೀರೇನು?" ಎಂದು ಆಜ್ಞೆಗಳನ್ನು ಸುರಿಸಿದರು. ಕನ್ನಡ ತಿಳಿಯದ ಹುಡುಗರು ಕುರ್ಚಿ ಹೊತ್ತೇ ನಿಂತಿದ್ದರು. ಆಮೇಲೆ ಕುರ್ಚಿಯ ಮುಂದೆ ನಿಂತು, ಕಣ್ಣೊರೆಸಿಕೊಂಡು, "ಎಂಥಾ ಹುಡುಗ! ಇಂಥಾ ಅಳಿಯ ನನಗ ಸಿಗಲಿಲ್ಲ" ಅಂದರು.

ಗುರುಸಿದ್ದಪ್ಪನವರಿಗೆ ಆಗ ಸಂಗತಿ ಏನೆಂದು ಹೊಳೆಯಿತು. "ಅಯ್ಯ, ಸತ್ತಿಲ್ರೀ ಅವ" ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಕಾಶಿಬಾಯಿ ಬಂದು ಕುರ್ಚಿಯ ಕಾಲು ಹಿಡಿದು ನಿಂತಳು.

"ಅಣ್ಣಾ! ನನ್ನ ಬೆರಳಿಗೆ ಬೆಣ್ಣಿಯಂಗ ಪಟ್ಟಿ ಕಟ್ಟಿದ್ಯಲ್ಲೋ! ಇನ್ನ ನಮಗ್ಯಾರೋ ಗತಿ? ಇನ್ನ ನಾವು ನಮ್ಮನಿಯವರ ಕೈಯಾಗ ಸಿಕ್ಕಿವಲ್ಲೋ!"

ತೆರೆದ ಬಾಯಿ ಹಾಗೇ ಉಳಿಯಿತು. ಹೇಳಬೇಕೆಂದು ನಾಲಗೆ ಎಳೆಯಿತು. ಕೇಳಬೇಕೆಂದು ಹೊಟ್ಟೆಕಿಚ್ಚು ತಡೆಯಿತು. ಇನ್ನೂ ಏನೇನು ಅನ್ನುತ್ತಾರೆ, ನೋಡೇಬಿಡೋಣ ಎಂದು ಅವರು ತಟ್ಟೆ ಹಿಡಿದು ನಿಂತೇ ಇದ್ದರು. ಅನ್ನುವವರಿಗೇನು ಕೊರತೆ? ಒಬ್ಬಳು ತನ್ನ ಮಗನ ಮೂಗಿನಿಂದ ಕಡಲೆ ತೆಗೆದದ್ದನ್ನು ಹೇಳಿ ಅತ್ತಳು. ಇನ್ನೊಬ್ಬಳು ಚೇಳು ಕಡಿದ ರಾತ್ರಿಯನ್ನು ಹೇಳಿ ಅತ್ತಳು. ಬದುಕಿದ್ದಾಗ ಇವನಿಗೆ ಹೊಗಳಿಕೆ, ಈಗ ಸಾಯದೆಯೂ ಇವನಿಗೇ ಹೊಗಳಿಕೆ. ಗುರುಸಿದ್ದಪ್ಪನವರ ಕಣ್ಣಲ್ಲಿ ನೀರು ಬಂತು. ದುಃಖದ್ದಲ್ಲ ಅದು. ನೋಡಿದ ಜನ, "ಪಾಪ, ಅವರೂ ಅಳಾಕ ಹತ್ಯಾರ" ಅಂದರು.

ಸದಾನಂದ ಊಂ ಊಂ ಎಂದು ತಲೆಯಾಡಿಸುತ್ತಿದ್ದ. ಗದ್ದಲದಲ್ಲಿ ಊಂಕಾರ ಕೇಳಿಸಲಿಲ್ಲ. ತಲೆಯಾಡಿದ್ದನ್ನು ಕಂಡ ಗಿರಿಜಮ್ಮ, "ಗಟ್ಟಿ ಹಿಡೀರಿ, ಅಲಗಾಡತೈತಿ" ಎಂದು ಹೊತ್ತವರಿಗೆ ಬೈದರು.

ಆಗ ಬಂದಳು ಸದಾನಂದನ ಹೆಂಡತಿ ಹರಿಣಾಕ್ಷಿ. ಪಿಂಪಳಗಾಂವ್ ಬಸವಂತ್‌ದಿಂದ ಉಳ್ಳಾಗಡ್ಡಿ ಚೀಲ ಹೊತ್ತು ಬಸ್ಸಿಳಿದು ಬಂದವಳು ಗುಂಪನ್ನು ಕಂಡಳು, ಕುರ್ಚಿಯನ್ನು ಕಂಡಳು. ಉಳ್ಳಾಗಡ್ಡಿ ಬೀದಿಯ ತುಂಬ ಉರುಳಿತು. "ನನ್ನ ಬಿಟ್ಟು ಹೋದ್ರೇನ್ರೀ!" ಎಂದು ಚೀರಿ, ಓಡಿ ಬಂದು, ಗಂಡನ ಜೋಲುವ ಪಾದಕ್ಕೆ ಹಣೆಯಿಟ್ಟು, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿದದ್ದು ಎಡಗಾಲು.

ಸದಾನಂದ ಕುರ್ಚಿಯ ಸಮೇತ ಹಾರಿದ. ಗದ್ದದ ಪಟ್ಟಿ ಜಾರಿ ಮೂಗಿಗೆ ಬಂತು. "ಸತ್ತೆನಲ್ಲs! ಕಾಲು! ಹರಿಣಾ, ಕಾಲು ಬಿಡs!"

ಹೊತ್ತಿದ್ದ ಹುಡುಗರು ಏನೂ ತಿಳಿಯದೆ ಕುರ್ಚಿ ಕೆಳಗಿಟ್ಟರು. ಗಿರಿಜಮ್ಮ "ಮಾತಾಡಿದನಲ್ಲೋ ಶಿವನs" ಎಂದು ಕೂತಲ್ಲೇ ಕೂತರು. ಹರಿಣಾಕ್ಷಿ ಅಳುತ್ತ ನಗುತ್ತ ಗಂಡನ ತಲೆ ತಬ್ಬಿಕೊಂಡಳು. ಆಮೇಲೆ ಎಲ್ಲರ ಕಣ್ಣುಗಳೂ ನಿಧಾನವಾಗಿ ತಟ್ಟೆ, ಸೌಟು ಹಿಡಿದು ನಿಂತವರ ಕಡೆ ತಿರುಗಿದವು.

"ಸತ್ತಾನ ಅಂತ ನಾ ಎಲ್ಲೆ ಹೇಳೀನ್ರಿ?" ಎಂದರು ಗುರುಸಿದ್ದಪ್ಪನವರು. ಅದು ನಿಜವೇ. ಆದರೆ ನಿಜ ಕೇಳುವ ಮನಸ್ಸು ಅಲ್ಲಿ ಯಾರಿಗೂ ಇರಲಿಲ್ಲ. ಮಾವನವರ ಕೊಡೆ ಮೇಲೆದ್ದಿತು. ಗುರುಸಿದ್ದಪ್ಪನವರು ಸುತ್ತ ಒಮ್ಮೆ ನೋಡಿ, ಕಲ್ಲಿಲ್ಲದ ಜಾಗ ಆರಿಸಿಕೊಂಡು, ಕಣ್ಣು ಮುಚ್ಚಿ, ಎಚ್ಚರಿಕೆಯಿಂದ ಮೂರ್ಛೆ ಬಿದ್ದರು.

ಬಿದ್ದುಕೊಂಡು ಕಿವಿ ತೆರೆದರು. ಈಗ ತಮ್ಮ ಸರದಿ. ಸದಾನಂದನಿಗೆ ಅಷ್ಟು ಅತ್ತವರು ತಮಗೆ ಅರ್ಧವಾದರೂ ಅಳಬೇಡವೇ?

"ಬಿದ್ದನಲ್ಲ. ಮೊದಲ ನಮ್ಮ ಕುರ್ಚಿ ಈಚೆ ತಗೀರಿ, ಮುರದೀತು" ಎಂದರು ಗಿರಿಜಮ್ಮ.

ಆಮೇಲೆ ಕಾಶಿಬಾಯಿಯ ದನಿ. ಗುರುಸಿದ್ದಪ್ಪನವರು ಉಸಿರು ಬಿಗಿಹಿಡಿದರು.

"ಅಯ್ಯ ನನ್ನ ದೇವರs, ಇವರಿಗೇನಾತು! ಲಗೂನ ಸದಾನಂದಣ್ಣಾರನ್ನ ಬಿಚ್ಚ್ರಿ! ಅವರು ಬಂದು ನೋಡ್ಲಿ!"

ಹನ್ನೊಂದು ಪಟ್ಟಿ ಬಿಚ್ಚಲು ಹೊತ್ತು ಹಿಡಿಯಿತು. ಗಂಟುಗಳು ಅಷ್ಟು ಗಟ್ಟಿಯಾಗಿದ್ದವು. ಸದಾನಂದ ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತ ಬಂದ. ಜನರನ್ನು ದೂರ ಸರಿಸಿ ಗಾಳಿ ಬಿಡಿಸಿದ, ಕಾಲು ಎತ್ತರಕ್ಕೆ ಇಡಿಸಿದ, ಅಂಗಿಯ ಗುಂಡಿ ಸಡಿಲಿಸಿದ, ನಾಡಿ ಹಿಡಿದ. ಗುರುಸಿದ್ದಪ್ಪನವರು ಅರೆಗಣ್ಣಿನಿಂದ ತಪ್ಪು ಹುಡುಕುತ್ತಲೇ ಇದ್ದರು. ಒಂದೂ ಸಿಗಲಿಲ್ಲ.

ಸದಾನಂದ ಬಾಗಿ ಅವರ ಕಿವಿಯಲ್ಲಿ ಮೆಲ್ಲಗೆ ಅಂದ: "ಗುರುಸಿದ್ದಪ್ಪಾರ, ರೆಪ್ಪಿ ಅಲಗಾಡಿಸಬ್ಯಾಡ್ರಿ. ಈಗ ಎದ್ರ ಹೊಡೀತಾರ. ಇನ್ನೊಂದೀಟು ಹಂಗs ಮಲಕೋರಿ." ಆಮೇಲೆ ತಲೆಯೆತ್ತಿ ಎಲ್ಲರಿಗೂ ಕೇಳಿಸುವಂತೆ, "ದಣಿವಾಗೇತ್ರಿ ಇವರಿಗೆ. ನನ್ನ ಸಲುವಾಗಿ ಬಿಸಿಲಾಗ ನಡಕೋತ ಬಂದಾರ. ಮುಂಜಾನಿಂದ ನೀರು ಕುಡಿದಿಲ್ಲ. ಒಂದು ಮಾತು ಹೇಳತೀನಿ, ಆ ಪೆಟ್ಟಿಗಿ ಇವರಿಗೇ ಸಲ್ಲಬೇಕು" ಎಂದ.

"ಎಷ್ಟ ದೊಡ್ಡ ಮನಸರೀ ಸದಾನಂದಣ್ಣಾರದು!" ಎಂದಳು ಕಾಶಿಬಾಯಿ, ಹೊಸದಾಗಿ ಕಣ್ಣೊರೆಸಿಕೊಳ್ಳುತ್ತ.

ಅಷ್ಟರಲ್ಲಿ ಟ್ರಕ್ಕು ಬಂತು. ಬೋರಸ್ತೆಯವರು ನೋಟುಪುಸ್ತಕ ತೆರೆದು ಅಂಕ ಓದಿದರು. ಗಂಟಿಗೆ ಹತ್ತಕ್ಕೆ ಹತ್ತು, ಬುದ್ಧಿಗೆ ಸೊನ್ನೆ. ಬೇಕಾದ ಪಟ್ಟಿ ಒಂದು, ಕಟ್ಟಿದ್ದು ಹನ್ನೊಂದು. ಸದಾನಂದನ ಪರೀಕ್ಷೆ ಆಗಲೇ ಇಲ್ಲ, ಅವನು ರೋಗಿಯಾಗಿದ್ದ. ಅವನು ಪೆಟ್ಟಿಗೆ ಬೇಡವೆಂದು ಹಟ ಹಿಡಿದ. ಉಳಿದ ಹುಡುಗರು ಇಬ್ಬರು ಹಿರಿಯರ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಬಿಳಿ ಪೆಟ್ಟಿಗೆ ಗುರುಸಿದ್ದಪ್ಪನವರ ಜಗುಲಿಯ ಗೋಡೆಗೇ ಬಂತು.

ಮರುದಿನ ಅವರು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಪೆಟ್ಟಿಗೆಯ ಕೆಳಗೆ ಕೂತರು. ಸಂಜೆ ಗಿರಿಜಮ್ಮ ಈಳಿಗೆ ತಾಗಿದ ಕೈ ಹಿಡಿದುಕೊಂಡು ನೇರವಾಗಿ ಇವರ ಜಗುಲಿಗೇ ಬಂದರು. ಗುರುಸಿದ್ದಪ್ಪನವರು ಎದ್ದು ತೋಳು ಮಡಿಸಿದರು.

"ಪೆಟ್ಟಿಗಿ ಕೊಡ್ರಿ" ಎಂದರು ಗಿರಿಜಮ್ಮ.

ಕೊಟ್ಟರು. ಅವರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಸದಾನಂದನ ಮನೆಗೆ ನಡೆದರು. ವಾರದಲ್ಲಿ ಪೆಟ್ಟಿಗೆ ಹದಿನಾಲ್ಕು ಸಲ ಪಕ್ಕದ ಮನೆಗೆ ಹೋಗಿ ಬಂತು. ಗುರುಸಿದ್ದಪ್ಪನವರು ಪೇಪರು ಬಿಡಿಸಿಕೊಂಡು ಅದನ್ನೂ ಎಣಿಸಿದರು.

ಎಂಟನೆಯ ದಿನ ಪೆಟ್ಟಿಗೆ ಒರೆಸುವಾಗ ಅದರ ತಗಡಿನ ಅಂಚು ತಾಗಿ ಅವರದೇ ಹೆಬ್ಬೆರಳು ಕೊಯ್ದಿತು. ಎಡಗೈಯಿಂದ ಬಲಗೈಗೆ ಪಟ್ಟಿ ಕಟ್ಟಲು ಮೂರು ಸಲ ನೋಡಿದರು, ಮೂರು ಸಲವೂ ಕಳಚಿ ಬಿತ್ತು. ರಕ್ತ ನಿಲ್ಲಲಿಲ್ಲ. ಕಾಶಿಬಾಯಿ ಒಳಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಮುಚ್ಚಿ ಕಂಕುಳಲ್ಲಿಟ್ಟುಕೊಂಡು, ಸದಾನಂದನ ಜಗುಲಿ ಹತ್ತಿದರು. ಮುಂದೆ ಇಬ್ಬರಿದ್ದರು. ಅವರ ಹಿಂದೆ ಕೂತರು.

ಸದಾನಂದ ಒಂದು ಮಾತೂ ಕೇಳದೆ ತೊಳೆದ, ಒರೆಸಿದ, ಕಟ್ಟಿದ. ಒಂದೇ ಪಟ್ಟಿ. ರಕ್ತ ಅಲ್ಲೇ ನಿಂತಿತು, ನೋವೂ ಇಳಿಯಿತು. ಗುರುಸಿದ್ದಪ್ಪನವರು ಮನೆಗೆ ಬಂದು ಹೆಬ್ಬೆರಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಾಳಾದವನು ಎಷ್ಟು ಚೆನ್ನಾಗಿ ಕಟ್ಟುತ್ತಾನೆ ಎಂಬ ಸಂಕಟಕ್ಕೆ ಅವತ್ತು ಅವರಿಗೆ ಊಟ ಸೇರಲಿಲ್ಲ.